ನರದ ಡಾಕ್ಟರು

ನಾಗಸಂದ್ರದ ಮೆಟ್ರೋ ನಿಲ್ದಾಣದಲ್ಲಿ ತನ್ನ ಬಟ್ಟೆಚೀಲವನ್ನು ತಪಾಸಣೆಯ ಬೆಲ್ಟಿನ ಮೇಲೆ ಇಟ್ಟ ಮೇಲೆಯೇ ಮಲ್ಲಿಕ್‌ಗೆ ಅದರೊಳಗೆ ಏನಿದೆ ಎಂಬುದು ನೆನಪಾದದ್ದು. ಮರೆತಿದ್ದನೆಂದಲ್ಲ. ಬೆಳಿಗ್ಗೆ ಎದ್ದಾಗಿನಿಂದ ಅವನು ಅದೊಂದನ್ನು ಬಿಟ್ಟು ಬೇರೇನನ್ನೂ ಯೋಚಿಸಿರಲಿಲ್ಲ. ಆದರೆ ಅವನು ಯೋಚಿಸುತ್ತಿದ್ದದ್ದು ಅದರ ಅರ್ಥವನ್ನು, ಅದರ ಇತಿಹಾಸವನ್ನು, ಅದರ ವಿಷಯದಲ್ಲಿ ತನಗಿರುವ ಹೊಣೆಯನ್ನು. ಅದು ಕಬ್ಬಿಣದ್ದು, ಮೊಳಕ್ಕಿಂತ ಉದ್ದವಿದೆ, ಯಂತ್ರದ ಕಣ್ಣಿಗೆ ಬೀಳುವಂಥದ್ದು ಎನ್ನುವುದು ಮಾತ್ರ ಹೊಳೆದಿರಲಿಲ್ಲ. ಓದಿಕೊಂಡವರ ಪಾಡೇ ಇಷ್ಟು. ಬೆಲ್ಟು ನಿಂತಿತು, ಸ್ವಲ್ಪ ಹಿಂದಕ್ಕೆ ಸರಿಯಿತು, ಮತ್ತೆ ಮುಂದಕ್ಕೆ ಬಂತು. ಪರದೆಯ ಮುಂದೆ ಕೂತಿದ್ದ ಖಾಕಿ ಸೀರೆಯ ಹೆಂಗಸು ತಲೆಯೆತ್ತಿ ಅವನನ್ನು ನೋಡಿದಳು, ಪರದೆಯನ್ನು ನೋಡಿದಳು, ಅವನ ಕನ್ನಡಕವನ್ನು ನೋಡಿದಳು. ಬೆನ್ನ ಹಿಂದೆ ಆಫೀಸಿಗೆ ಹೊರಟವರ ಸಾಲು ಆಗಲೇ ಗೊಣಗತೊಡಗಿತ್ತು.

"ಇದು ನಿಮ್ದಾ ಸಾರ್?"

"ನಂದಲ್ಲ. ವಾಪಸ್ ಕೊಡೋಕೆ ತಗೊಂಡ್ ಹೋಗ್ತಿದೀನಿ."

"ಮಚ್ಚು."

"ಹೌದು."

"ಏನ್ ಕೆಲಸ ಸಾರ್ ನೀವು ಮಾಡೋದು?"

ಮೇಷ್ಟರು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಮಲ್ಲಿಕ್‌ಗೆ ಇಂಥ ಹೊತ್ತಿನಲ್ಲಿ ನಿಜವನ್ನು ಪೂರ್ತಿಯಾಗಿ ಹೇಳಿಬಿಡುವ ಕಾಯಿಲೆಯಿದೆ. "ನರಮೇಧದ ಬಗ್ಗೆ ಅಧ್ಯಯನ ಮಾಡ್ತೀನಿ," ಎಂದ. ಆಕೆಯ ಮುಖ ನೋಡಿ ಇದು ಸಾಲದೆನಿಸಿ, "ಅಂದ್ರೆ, ತಡೆಯೋದು," ಎಂದು ಸೇರಿಸಿದ. ಆಕೆಯ ಮುಖದ ಬಿಗಿ ಸಡಿಲವಾಯಿತು. "ಓ, ನರದ ಡಾಕ್ಟ್ರಾ?" ಎಂದಳು. ಸಾಲಿನಲ್ಲಿದ್ದವನೊಬ್ಬ ಬ್ಯಾಗಿನಿಂದ ಇವನ ಬೆನ್ನನ್ನು ತಿವಿದ. ಮಲ್ಲಿಕ್ "ಹೌದು" ಎಂದುಬಿಟ್ಟ. ಆಕೆ ತನ್ನ ಅತ್ತೆಯ ಎಡಗೈ ಬೆಳಗಿನ ಜಾವ ಜೋಮು ಹಿಡಿಯುವುದನ್ನು ಹೇಳಿದಳು, ಇವನು ಬಿ-ಕಾಂಪ್ಲೆಕ್ಸ್ ಮಾತ್ರೆ ಕೊಡಿ ಎಂದ. ಆಕೆ ಚೀಲವನ್ನು ಎರಡು ಕೈಯಲ್ಲಿ ಎತ್ತಿ, ಗೌರವದಿಂದಲೇ ಅವನಿಗೆ ಹಿಂತಿರುಗಿಸಿ, "ಮೆಟ್ರೋದಲ್ಲಿ ಇದನ್ನ ಬಿಡಲ್ಲ ಸಾರ್. ಆಟೋದಲ್ಲಿ ಹೋಗಿ, ಆಟೋದಲ್ಲಾದ್ರೆ ಪರವಾಗಿಲ್ಲ," ಎಂದಳು.

ಈ ತಪ್ಪು ಹೊಸದೇನಲ್ಲ. ಪಿಎಚ್‌ಡಿ ಮುಗಿಸಿ ಬಂದ ವರ್ಷ ರಾಣೆಬೆನ್ನೂರಿನ ಸೋದರತ್ತೆ ಮಹಾನಂದಾಳ ಮನೆಯ ಗೃಹಪ್ರವೇಶದಲ್ಲಿ ಅವನ ತಾಯಿ ಕಮಲಮ್ಮ, "ನಮ್ಮ ಮಲ್ಲಿಕ್ ನರಮೇಧದಾಗ ಡಾಕ್ಟರ್ ಆಗ್ಯಾನ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ್ದಳು. ಎರಡನೆಯ ಸಲದ ಸಾರು ಬರುವುದರೊಳಗೆ ಆಜೂಬಾಜಿನವರು ಎಂಜಲಾಗದ ಎಡಗೈಗಳನ್ನು ಅವನ ಮುಂದೆ ಚಾಚಿದ್ದರು. ಅವನು ಆಗ ಇನ್ನೂ ಉತ್ಸಾಹಿ. ಎಲೆಯ ಮುಂದೆ ಕೂತೇ, ನರ ಎಂದರೆ ಇಲ್ಲಿ ಮನುಷ್ಯ, ಮನುಷ್ಯರನ್ನು ಗುಂಪುಗುಂಪಾಗಿ ಕೊಲ್ಲುವುದು ಯಾಕೆ, ಅದನ್ನು ಮೊದಲೇ ಗುರುತಿಸಿ ತಡೆಯುವುದು ಹೇಗೆ, ಅದೇ ತನ್ನ ವಿಷಯ ಎಂದು ವಿವರಿಸಿದ. ದೊಡ್ಡಪ್ಪ ಮುರಿಗೆಪ್ಪ ಗೋಧಿಹುಗ್ಗಿಗೆ ತುಪ್ಪ ಹಾಕಿಸಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡು, "ಅದಕ್ಕ ಇಷ್ಟು ವರ್ಷ ಓದಬೇಕೇನೋ ತಮ್ಮಾ? ಬ್ಯಾಡ್ರಪಾ ಅಂದ್ರ ಆತು," ಎಂದ. ಪಂಕ್ತಿಯೆಲ್ಲ ನಕ್ಕಿತು. ಅಂದಿನಿಂದ ಮಲ್ಲಿಕ್ ತಿದ್ದುವುದನ್ನು ಬಿಟ್ಟಿದ್ದ. ಯಾರು ಕೈ ಚಾಚಿದರೂ ಬಿ-ಕಾಂಪ್ಲೆಕ್ಸ್. ಮಹಾನಂದಾಳ ಕೈ ನಿಜವಾಗಿಯೂ ವಾಸಿಯಾಯಿತು. ಇಷ್ಟು ವರ್ಷದ ಅವನ ವಿದ್ಯೆಯಿಂದ ಯಾರಿಗಾದರೂ ಖಚಿತವಾಗಿ ಉಪಕಾರವಾಗಿದೆ ಎಂದು ಪ್ರಮಾಣ ಮಾಡಿ ಹೇಳಬಹುದಾದರೆ ಅದು ಮಹಾನಂದಾಳ ಕೈಗೆ ಮಾತ್ರ.

ಆಟೋ ತುಮಕೂರು ರಸ್ತೆಯ ಲಾರಿಗಳ ನಡುವೆ ನುಸುಳುತ್ತಿತ್ತು. ಚೀಲವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮಲ್ಲಿಕ್ ಭಾನುವಾರವನ್ನು ಯೋಚಿಸುತ್ತಿದ್ದ. ಹೆಂಡತಿ ನಿವೇದಿತಾಳ ತಮ್ಮ ರುದ್ರೇಶ್ ಅಂದು ಮನೆಗೆ ಬಂದವನು ಈ ಮಚ್ಚನ್ನು ದಿನಪತ್ರಿಕೆಯಲ್ಲಿ ಸುತ್ತಿ ತಂದಿದ್ದ. ಪೀಣ್ಯದಲ್ಲಿ ಅವನದೊಂದು ಸಣ್ಣ ಕಾರ್ಖಾನೆ, ಕುಡುಗೋಲು, ಪಿಕಾಸಿ, ಮಚ್ಚು ಮಾಡುತ್ತಾನೆ. ಮಚ್ಚು ಎನ್ನುವ ಮಾತನ್ನು ಅವನು ಬಳಸುವುದಿಲ್ಲ, ಕೃಷಿ ಉಪಕರಣ ಎನ್ನುತ್ತಾನೆ. "ಭಾವ, ಒಂದು ಸಣ್ಣ ಸಹಿ," ಎಂದು ಶುರು ಮಾಡಿದ. ಯಾವುದೋ ಹೊರದೇಶದ ಕಂಪನಿಯಿಂದ ದೊಡ್ಡ ಆರ್ಡರ್ ಬಂದಿದೆ. ಬಾಳೆ ತೋಟಕ್ಕಂತೆ. ಆದರೆ ಆ ಕಂಪನಿಯವರಿಗೆ ಈಗ ಹೊಸ ನಿಯಮಗಳು ಬಂದಿವೆ, ಈ ಉಪಕರಣ ಸಾಮೂಹಿಕ ಹಿಂಸೆಗೆ ಬಳಕೆಯಾಗುವ ಅಪಾಯವಿಲ್ಲವೆಂದು ಆ ವಿಷಯದ ತಜ್ಞರೊಬ್ಬರು ಬರೆದುಕೊಡಬೇಕು. "ನಾನು ಓದಿ ತಲೆ ಕೆಡಿಸ್ಕೊಂಡೆ ಭಾವ. ಈ ಊರಲ್ಲಿ ಅಂಥವ್ರು ಎಲ್ಲಿ ಸಿಕ್ತಾರೆ? ಆಮೇಲೆ ನೋಡಿದ್ರೆ ನಮ್ಮನೇಲೇ ಇದೀರ." ಅವನ ಕಣ್ಣಿನಲ್ಲಿ ನಿಜವಾದ ಹೆಮ್ಮೆಯಿತ್ತು. ನಿವೇದಿತಾ ಕೂಡ ಮದುವೆಯಾದ ಮೇಲೆ ಮೊದಲ ಸಲ ಗಂಡನ ವಿದ್ಯೆಯನ್ನು ಒಂದು ಉಪಯೋಗದ ಸಾಮಾನಿನ ಹಾಗೆ ನೋಡಿದಳು. ಮಲ್ಲಿಕ್‌ಗೆ ಅದು ಅವಮಾನವೋ ಸನ್ಮಾನವೋ ತಿಳಿಯಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದ. ಹಾಗಾದರೆ ಸ್ಯಾಂಪಲ್ ಇಟ್ಟುಕೊಂಡು ಯೋಚಿಸಿ ಎಂದು ರುದ್ರೇಶ್ ಮಚ್ಚನ್ನು ಬಿಟ್ಟುಹೋದ. ಯೋಚನೆ ನಡೆಯುತ್ತಿದ್ದ ಮೂರು ದಿನವೂ ಕಮಲಮ್ಮ ಅದರಲ್ಲಿ ಹಲಸಿನಹಣ್ಣು ಕೊಯ್ದಳು, ತೆಂಗಿನಕಾಯಿ ಒಡೆದಳು, ಬಾಲ್ಕನಿಯ ಕುಂಡದ ಬಾಳೆಯನ್ನು ಸವರಿದಳು. ಈ ದಿನ ಬೆಳಿಗ್ಗೆ ಅವನು ಕೇಳಿದರೆ ಕೊಡಲೊಲ್ಲಳು. "ಇರ್ಲಿ ಬಿಡೋ, ಚಲೋ ಐತಿ. ಅಂವ ಇನ್ನೊಂದು ಮಾಡ್ಕೋತಾನ." ಕೊನೆಗೆ ಹಲಸಿನ ಅಂಟಿರುವ ಮಚ್ಚನ್ನೇ ಅವಳ ಕೈಯಿಂದ ಹೆಚ್ಚುಕಡಿಮೆ ಕಿತ್ತುಕೊಂಡು ಬಂದಿದ್ದ. ತಾಯಿಯ ಕೈಯಿಂದ ಮಚ್ಚು ಕಿತ್ತುಕೊಳ್ಳುವ ಮಗನನ್ನು ಎದುರು ಫ್ಲಾಟಿನವರು ಬಾಗಿಲ ಸಂದಿಯಿಂದ ನೋಡಿದ್ದರು.

ಸಹಿ ಹಾಕುವುದಿಲ್ಲವೆಂದು ಅವನು ತೀರ್ಮಾನಿಸಿಯಾಗಿತ್ತು. ಅವನ ಒಂದೇ ಒಂದು ಪುಸ್ತಕದಲ್ಲಿ ಅವನಿಗೆ ತುಂಬ ಇಷ್ಟವಾದ ಒಂದು ಮಾತಿದೆ. ಕೊಲೆಗಿಂತ ಮೊದಲು ಒಂದು ಆರ್ಡರ್ ಬಂದಿರುತ್ತದೆ, ಅದನ್ನು ತೆಗೆದುಕೊಂಡವನು ಕೆಟ್ಟವನಾಗಿರುವುದಿಲ್ಲ, ಅವನ ಮನೆಯಲ್ಲೂ ಹಬ್ಬಕ್ಕೆ ಬಟ್ಟೆ ತರಬೇಕಾಗಿರುತ್ತದೆ. ಆ ಮಾತನ್ನು ಮೆಚ್ಚಿದವರು ಯಾರೂ ಇಲ್ಲ, ಏಕೆಂದರೆ ಆ ಪುಟದವರೆಗೆ ಓದಿದವರು ಯಾರೂ ಇಲ್ಲ. ಆಫ್ರಿಕದ ನಡುವಿನ ಒಂದು ಗುಡ್ಡಗಾಡಿನ ದೇಶದಲ್ಲಿ ಅವನು ಎರಡು ಮಳೆಗಾಲ ಇದ್ದ. ಅಲ್ಲಿಯ ಜೈಲಿನ ಅಂಗಳದಲ್ಲಿ ಬೆಂಚಿನ ಮೇಲೆ ಕೂತು, ನೆರೆಯವರನ್ನು ಕೊಂದ ರೈತರ ಮಾತುಗಳನ್ನು ಬರೆದುಕೊಂಡಿದ್ದ. ಅವರು ಮೊಳಕೆ, ಗೊಬ್ಬರ, ಮಳೆ ಇವುಗಳ ಬಗ್ಗೆ ಮಾತಾಡುವ ದನಿಯಲ್ಲೇ ಅದನ್ನೂ ಹೇಳುತ್ತಿದ್ದರು. ಅಲ್ಲಿ ಕೂಡ ಮಚ್ಚುಗಳು ಮೊದಲು ಬಂದದ್ದು ಬಾಳೆ ತೋಟಕ್ಕೇ. ಸಹಿ ಹಾಕಿದರೆ ತಾನು ತನ್ನದೇ ಪುಸ್ತಕದ ಒಂದು ಉದಾಹರಣೆಯಾಗುತ್ತೇನೆ. ಹಾಕದಿದ್ದರೆ ಆರ್ಡರ್ ಹೋಗುತ್ತದೆ, ಆರ್ಡರ್ ಹೋದರೆ ಆಗಲೇ ಅರ್ಧ ಹೊತ್ತು ಮಾತ್ರ ನಡೆಯುತ್ತಿರುವ ಕಾರ್ಖಾನೆ ಮುಚ್ಚುತ್ತದೆ, ಇದನ್ನು ರುದ್ರೇಶ್ ಹೇಳಿರಲಿಲ್ಲ, ನಿವೇದಿತಾ ಹೇಳಿದ್ದಳು. ಸಹಿಯ ಬಗ್ಗೆ ಅವಳು ಹೇಳಿದ್ದು ಇಷ್ಟೇ, "ಬಾಳೆಗೊನೆ ಕಡಿಯೋಕೆ ನಿಮ್ಮ ಅಪ್ಪಣೆ ಬೇಕಾಯ್ತು ನೋಡಿ." ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಪಕ್ಕದ ಬೈಕಿನವನು ಚೀಲದಿಂದ ಇಣುಕುತ್ತಿದ್ದ ಹಿಡಿಯನ್ನು ನೋಡಿ, ಮಲ್ಲಿಕ್‌ನ ಮುಖ ನೋಡಿ, ಬೈಕನ್ನು ಕಾಲಿನಿಂದಲೇ ಹಿಂದಕ್ಕೆ ತಳ್ಳಿಕೊಂಡ. ಮಲ್ಲಿಕ್ ಅವನಿಗೆ ಧೈರ್ಯ ಹೇಳುವ ಹಾಗೆ ನಕ್ಕ. ಬೈಕಿನವನು ಇನ್ನೂ ಹಿಂದೆ ಹೋದ.

ಬರುತ್ತೇನೆಂದು ಅವನು ಹಿಂದಿನ ದಿನವೇ ಹೇಳಿದ್ದರಿಂದ ಕಾರ್ಖಾನೆಯ ಗೇಟಿಗೆ ಹೊಸ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಅವನ ಫೋಟೋ ಇತ್ತು. ಯಾವುದೋ ಮದುವೆಯಲ್ಲಿ ತೆಗೆದದ್ದು, ಪಕ್ಕದಲ್ಲಿದ್ದ ನಿವೇದಿತಾಳನ್ನು ಕತ್ತರಿಸಿ ತೆಗೆದಿದ್ದರೂ ಅವಳ ಕೈ ಮಾತ್ರ ಅವನ ಹೆಗಲ ಮೇಲೆ ಉಳಿದಿತ್ತು. ಕೆಳಗೆ ದಪ್ಪಕ್ಷರದಲ್ಲಿ 'ನರ ಮೇಧ ತಡೆ ತರಬೇತಿ ಶಿಬಿರ' ಎಂದು ಬರೆದು, ನರಕ್ಕೂ ಮೇಧಕ್ಕೂ ನಡುವೆ ಜಾಗ ಬಿಟ್ಟು, ಆ ಜಾಗದಲ್ಲಿ ಒಂದು ಸ್ಟೆತೊಸ್ಕೋಪಿನ ಚಿತ್ರ ಹಾಕಿದ್ದರು. "ಡಾಕ್ಟರ್ ಅಂತ ಬರ್ಕೊಟ್ಟಿದ್ದೆ ಭಾವ, ಫ್ಲೆಕ್ಸ್ ಅಂಗಡಿಯವನು ತಾನಾಗೇ ಹಾಕ್ಬಿಟ್ಟಿದಾನೆ. ಚೆನ್ನಾಗೇ ಕಾಣ್ಸುತ್ತೆ ಅಂತ ಬಿಟ್ಟೆ," ಎಂದ ರುದ್ರೇಶ್. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಹಣೆಗೆ ವಿಭೂತಿ ಎದ್ದು ಕಾಣುತ್ತಿತ್ತು. ಗಾಜಿನ ಕೋಣೆಯಲ್ಲಿ ಕೂತು ಚಹಾ ಬರುವ ಮೊದಲೇ ಮಲ್ಲಿಕ್ ಹೇಳಿಬಿಟ್ಟ, ಸಹಿ ಹಾಕುವುದಿಲ್ಲ, ಹಾಕಲು ಆಗುವುದಿಲ್ಲ, ಯಾರೂ ಹಾಗೆ ಬರೆದುಕೊಡಲು ಸಾಧ್ಯವಿಲ್ಲ. ದಾರಿಯುದ್ದಕ್ಕೂ ಈ ಮಾತಿಗೆ ಬರಬಹುದಾದ ಎಲ್ಲ ಉತ್ತರಗಳಿಗೂ ಪ್ರತ್ಯುತ್ತರ ಸಿದ್ಧ ಮಾಡಿಕೊಂಡು ಬಂದಿದ್ದ. ರುದ್ರೇಶ್ ಜಗಳವಾಡಲಿಲ್ಲ. ಮೂಗನ್ನು ಎರಡು ಬೆರಳಿನಿಂದ ಒತ್ತಿಕೊಂಡ. ಸಿದ್ಧ ಮಾಡಿಕೊಂಡು ಬಂದ ಪ್ರತ್ಯುತ್ತರಗಳೆಲ್ಲ ವ್ಯರ್ಥವಾದದ್ದು ಮಲ್ಲಿಕ್‌ಗೆ ನಷ್ಟದಂತೆ ಅನಿಸಿತು.

"ಆಯ್ತು ಭಾವ, ಬಲವಂತ ಇಲ್ಲ," ಎಂದ ರುದ್ರೇಶ್ ಕೊನೆಗೆ. "ನಂಗೇನೂ ಬೇಜಾರಿಲ್ಲ. ಒಂದು ಕೆಲ್ಸ ಮಾಡಿ, ಕೆಲಸದವರಿಗೆ ಒಂದು ಮಾತಾಡಿ. ಅವರಿಗೆ ಈ ವಿಷ್ಯದಲ್ಲಿ ತರಬೇತಿ ಕೊಟ್ಟಿದೀವಿ ಅಂತ ಕಂಪನಿಗೆ ಫೋಟೋನೂ ಕಳಿಸ್ಬೇಕು. ಅಷ್ಟಾದ್ರೂ ಆಗ್ಲಿ."

"ಏನ್ ಮಾತಾಡ್ಲಿ?"

"ನಿಮಗೆ ಏನ್ ಗೊತ್ತೋ ಅದೆಲ್ಲ ಹೇಳಿ."

ನಿಮಗೆ ಗೊತ್ತಿರುವುದೆಲ್ಲ ಹೇಳಿ ಎಂದು ಮಲ್ಲಿಕ್‌ಗೆ ಯಾರೂ ಹೇಳಿದ್ದಿಲ್ಲ. ಸೆಮಿನಾರುಗಳಲ್ಲಿ ಅವನಿಗೆ ಸಿಗುತ್ತಿದ್ದದ್ದು ಊಟಕ್ಕೆ ಮುಂಚಿನ ಹೊತ್ತು, ಅಧ್ಯಕ್ಷರು ಗಡಿಯಾರ ನೋಡುವ ಹೊತ್ತು. ಅವನಿಗೆ ಸಂತೋಷವಾಯಿತು. ಸಂತೋಷವಾಯಿತಲ್ಲ ಎಂದು ನಾಚಿಕೆಯೂ ಆಯಿತು. ತಡೆಯ ಬಗ್ಗೆ ಮಾತಾಡಲು ಮಚ್ಚಿನ ಕಾರ್ಖಾನೆಗಿಂತ ಒಳ್ಳೆಯ ಜಾಗ ಎಲ್ಲಿದೆ ಎಂದು ಒಂದು ಕಾರಣವನ್ನು ಒಳಗೊಳಗೇ ಹುಡುಕಿಕೊಂಡು ಒಪ್ಪಿದ.

ಯಂತ್ರಗಳನ್ನು ನಿಲ್ಲಿಸಿದರು. ಅಷ್ಟು ದೊಡ್ಡ ಶೆಡ್ಡು ಒಮ್ಮೆಗೇ ಮೌನವಾದಾಗ ಎಲ್ಲರಿಗೂ ಕಿವಿ ಹೋದ ಹಾಗಾಯಿತು. ಗೋಣಿ ಹಾಸಿ ಕೂತರು. ಮುಂದೆ ಕೂತಿದ್ದವನು ಸೊಣ್ಣಪ್ಪ, ಅಲಗುಗಳನ್ನು ಮಸೆಯುವವನು, ಈ ಶೆಡ್ಡು ನಿಂತಿರುವ ನೆಲದಲ್ಲಿ ತನ್ನ ಅಜ್ಜ ರಾಗಿ ಬೆಳೆದಿದ್ದನೆಂದು ಹೊಸಬರಿಗೆಲ್ಲ ತಪ್ಪದೆ ಹೇಳುವವನು. ಅವನು ಆಗಲೇ ಅಂಗಿಯ ತೋಳನ್ನು ಮೇಲಕ್ಕೆ ಸುತ್ತಿ ಬಲಗೈಯನ್ನು ಚಾಚಿಕೊಂಡು ಕೂತಿದ್ದ. ಅವನ ಪಕ್ಕದಲ್ಲಿ ಹಿಡಿ ಕೂರಿಸುವ ಮರಿಯಮ್ಮ, ಅವಳ ಹಿಂದೆ ಉಳಿದವರು, ಎಲ್ಲರದೂ ಒಂದೊಂದು ಕೈ ಮುಂದಕ್ಕಿತ್ತು.

"ಇಲ್ಲಿಂದ ಇಲ್ಲೀಗಂಟ ಸಾರ್," ಎಂದ ಸೊಣ್ಣಪ್ಪ. "ಮನೀಕಂಡ್ರೆ ಜುಮ್ ಅಂತದೆ. ಇಂಗೆ ಬೆಳ್ಳು ಮಡಚಕ್ಕೇ ಆಗಕಿಲ್ಲ."

"ನಾನು ನರದ ಡಾಕ್ಟರ್ ಅಲ್ಲ," ಎಂದ ಮಲ್ಲಿಕ್. ಎಷ್ಟೋ ವರ್ಷಗಳ ನಂತರ ಅದನ್ನು ಬಾಯಿಬಿಟ್ಟು ಹೇಳಿದ್ದ. "ನರ ಅಂದ್ರೆ ಇಲ್ಲಿ ಮನುಷ್ಯ."

"ಮನ್ಸಂಗೇ ತಾನೇ ಸಾರ್ ತೋರ್ಸಾದು. ದನದ್ ಡಾಕ್ಟ್ರು ಅಂದ್ವಾ ನಾವು?"

ನಗು ಎದ್ದಿತು. ಮಲ್ಲಿಕ್ ಕಾದ. ಇಂಗ್ಲಿಷಿನಲ್ಲಿ ಅವನಿಗೆ ಈ ವಿಷಯಕ್ಕೆ ಸಾಲುಸಾಲು ಪದಗಳಿವೆ, ಒಂದೊಂದೂ ಕೈಗವಸು ಹಾಕಿಕೊಂಡಿರುವಂಥವು. ಕನ್ನಡದಲ್ಲಿ ಹೇಳಹೊರಟರೆ ಅವು ಯಾವುವೂ ಬರಲಿಲ್ಲ. ಒಂದು ಊರಲ್ಲಿ ಎಂದು ಶುರುವಾಯಿತು. ಒಂದು ಊರಲ್ಲಿ ಎರಡು ಥರದ ಜನ ಇದ್ದರು, ಒಂದೇ ಭಾಷೆ, ಒಂದೇ ಬಾವಿ, ಒಬ್ಬರ ಮನೆ ಮದುವೆಗೆ ಇನ್ನೊಬ್ಬರು ಹೋಗುತ್ತಿದ್ದರು. ಒಂದು ದಿನ ಒಬ್ಬರು ಇನ್ನೊಬ್ಬರನ್ನು ಕೊಲ್ಲಲು ಶುರು ಮಾಡಿದರು. ಮಕ್ಕಳು ಮುದುಕರು ಎಂದು ನೋಡಲಿಲ್ಲ. ಹೇಳುತ್ತ ಹೇಳುತ್ತ ತನ್ನ ದನಿ ತನಗೇ ಅಪರಿಚಿತವಾಗಿ ಕೇಳಿಸಿತು. ಚಾಚಿದ್ದ ಕೈಗಳು ಒಂದೊಂದಾಗಿ ಮಡಿಲಿಗೆ ಬಂದವು.

"ಜಮೀನ್ ಇಸ್ಯಾನಾ ಸಾರ್?" ಎಂದ ಸೊಣ್ಣಪ್ಪ.

"ಅಲ್ಲ." ಮಲ್ಲಿಕ್ ಯೋಚಿಸಿದ. "ಅದೂ ಇತ್ತು."

"ಪೊಲೀಸ್ನೋರು?"

"ಅವರೂ ಸೇರ್ಕೊಂಡ್ರು."

ಮರಿಯಮ್ಮ ಕೇಳಿದಳು, "ಯಾವ್ದ್ರಲ್ಲಿ ಸಾರ್ ಹೊಡೆದಿದ್ದು? ಗನ್ನಾ?" ಮಲ್ಲಿಕ್ ಚೀಲದಿಂದ ಮಚ್ಚನ್ನು ತೆಗೆದು ಮೇಜಿನ ಮೇಲಿಟ್ಟ. ಅದರಲ್ಲಿ ಇನ್ನೂ ಹಲಸಿನ ವಾಸನೆಯಿತ್ತು. ಎಲ್ಲರೂ ತಮ್ಮ ಕೈಯಾರೆ ಮಾಡಿದ ಆ ವಸ್ತುವನ್ನು ಬೇರೆ ಯಾರೋ ತಂದಿಟ್ಟಿದ್ದಾರೆಂಬಂತೆ ನೋಡಿದರು. ರುದ್ರೇಶ್ ಹಿಂದಿನಿಂದ ಫೋಟೋ ತೆಗೆಯುತ್ತಿದ್ದವನು ಫೋನನ್ನು ಕೆಳಗಿಳಿಸಿದ. "ದಿನಾ ಪೂರ್ತಿನಾ ಸಾರ್?" ಎಂದಳು ಮರಿಯಮ್ಮ. ಹೌದು, ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದರು, ಕೆಲಸಕ್ಕೆ ಹೋದ ಹಾಗೆ, ಎಂದ ಮಲ್ಲಿಕ್. ಅವಳು ತನ್ನ ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ನೀವಿಕೊಂಡಳು. "ಅವರಿಗೆ ಕೈ ನೋಯ್ತಿರ್ಲಿಲ್ವಾ ಸಾರ್?"

ಈ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲ. ಜೈಲಿನ ಅಂಗಳದ ಬೆಂಚಿನ ಮೇಲೆ ಅವನು ಕೇಳಿದ್ದು ರೇಡಿಯೋದಲ್ಲಿ ಏನು ಬರುತ್ತಿತ್ತು, ಊರಿನ ಮುಖಂಡರು ಏನು ಹೇಳಿದರು, ಮೊದಲ ದಿನ ಯಾರು ಕರೆದರು ಎಂದು. ಕೈಯ ವಿಷಯವನ್ನು ಅವರು ಕೇಳದೆಯೇ ಹೇಳಿದ್ದರು, ಅವನು ಅಂಚಿನಲ್ಲಿ ಬರೆದುಕೊಂಡಿದ್ದ, ಪುಸ್ತಕಕ್ಕೆ ಸೇರಿಸಿರಲಿಲ್ಲ. ಈಗ ಎಲ್ಲವೂ ಒಟ್ಟಿಗೆ ಬಂತು. ನೋಯುತ್ತಿತ್ತು, ಎಂದ. ಮಧ್ಯಾಹ್ನದ ಹೊತ್ತಿಗೆ ಅಂಗೈಯಲ್ಲಿ ಬೊಬ್ಬೆಗಳು ಏಳುತ್ತಿದ್ದವು. ಹೊಸ ಮಚ್ಚುಗಳು, ಹಿಡಿ ಪಳಗಿರಲಿಲ್ಲ. ಆ ಊರಿನ ಕೆಳಗೆ ಒಂದು ದೊಡ್ಡ ಜೌಗು ಇದೆ, ಆಳೆತ್ತರದ ಜೊಂಡು, ಕುತ್ತಿಗೆಯವರೆಗೆ ನೀರು. ತಪ್ಪಿಸಿಕೊಂಡವರೆಲ್ಲ ಅದರೊಳಗೆ ಇದ್ದರು. ಅಲ್ಲೊಬ್ಬ ಹೆಂಗಸು ನನಗೆ ಸಿಕ್ಕಿದ್ದಳು, ಈಗ ಸಂತೆಯಲ್ಲಿ ಜೋಳ ಮಾರುತ್ತಾಳೆ. ಅವಳನ್ನು ಹಿಡಿದವನು ಅವಳ ಊರಿನವನೇ, ಅವಳ ಅಣ್ಣನ ಜೊತೆ ಓದಿದವನು. ಮಚ್ಚು ಎತ್ತಿದ. ಎತ್ತಿದಾಗ ಹಿಡಿ ಕಳಚಿತು. ಅಲಗು ನೀರಿಗೆ ಬಿತ್ತು, ಅವನ ಕೈಯಲ್ಲಿ ಬರಿಯ ಮರ ಉಳಿಯಿತು. ಇಬ್ಬರೂ ಅದನ್ನು ನೋಡಿದರು. ಅವನು ಬೈದುಕೊಳ್ಳುತ್ತ ನೀರಿನಲ್ಲಿ ಕೈಯಾಡಿಸಿ ಹುಡುಕಿದ, ಸಿಕ್ಕಿತು, ಇಲ್ಲೇ ಇರು ಎಂದು ಅವಳಿಗೆ ಹೇಳಿ ಅದನ್ನು ಸರಿಮಾಡಿಸಿಕೊಂಡು ಬರಲು ದಡಕ್ಕೆ ಹೋದ. ಅವಳು ಇರಲಿಲ್ಲ. ಜೊಂಡಿನೊಳಗೆ ನಡೆದಳು. ಮರುದಿನ ಗಡಿ ದಾಟಿದಳು. ಅವಳಿಗೆ ಈಗ ಇಬ್ಬರು ಮಕ್ಕಳು.

ಮರಿಯಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸೊಣ್ಣಪ್ಪ, "ಅದೇ ದೇವ್ರು ಅನ್ನಾದು," ಎಂದ. ತನ್ನ ಜೀವಮಾನದ ಕೆಲಸ ಇಷ್ಟು ದಿನ ತಪ್ಪು ಕೋಣೆಗಳಲ್ಲಿ ತಪ್ಪು ಭಾಷೆಯಲ್ಲಿ ನಡೆದುಹೋಯಿತು ಎಂದು ಮಲ್ಲಿಕ್‌ಗೆ ಅನಿಸಿತು. ಇವರ ಮುಂದೆ ಎಲ್ಲವನ್ನೂ ಹೇಳಿಬಿಡಬೇಕು, ಏನನ್ನೂ ಉಳಿಸಿಕೊಳ್ಳಬಾರದು ಎಂಬ ಪ್ರೀತಿ ಉಕ್ಕಿತು. ಆಗ ಹಿಂದಿನಿಂದ ರುದ್ರೇಶ್ ಮೆಲ್ಲಗೆ ಕೇಳಿದ, "ಹಿಡಿ ಎಲ್ಲಿಂದ ಬಿಟ್ಕೊಂತು ಭಾವ? ಮುಂದುಗಡೆಯಿಂದಾನಾ, ಹಿಂದುಗಡೆಯಿಂದಾನಾ?" ಮಲ್ಲಿಕ್‌ಗೆ ಅದು ಕೂಡ ಕೇಳುಗನ ಆಸಕ್ತಿಯಾಗಿಯೇ ಕೇಳಿಸಿತು. ವಿವರಕ್ಕೆ ವಿವರ ಕೇಳುವವರು ಸಿಕ್ಕಿದಾಗ ವಿದ್ವಾಂಸನಿಗೆ ಬೇರೇನೂ ಕಾಣಿಸುವುದಿಲ್ಲ. "ಹಿಂದುಗಡೆಯಿಂದ," ಎಂದ. "ಹಿಡಿಗೂ ಅಲಗಿಗೂ ಸೇರಿಸಿ ಎರಡೇ ರಿವೆಟ್ ಹೊಡೆದಿರ್ತಿದ್ರು. ಹಿಂದಿನ ರಿವೆಟ್ಟಿನ ಹತ್ರ ಮರ ಸೀಳ್ತಿತ್ತು. ಬೇರೆಯವರೂ ಹೇಳಿದ್ರು, ಇದೊಂದೇ ಅಲ್ಲ." ಮಾತಿನಲ್ಲಿ ತಿಳಿಯಲಿಕ್ಕಿಲ್ಲವೆಂದು ಪಕ್ಕದಲ್ಲಿದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಚಿತ್ರವನ್ನೂ ಬರೆದು ತೋರಿಸಿದ. ಚಪ್ಪಾಳೆ ತಟ್ಟಿದರು. ಗೋಣಿ ಮಡಚಿದರು. ಏಳುವಾಗ ಸೊಣ್ಣಪ್ಪ ಕಿವಿಯ ಹತ್ತಿರ ಬಂದು, ಅದೆಲ್ಲ ಸರಿ, ಕೈಗೆ ಏನು ಮಾಡಲಿ ಎಂದು ಕೇಳಿದ. ಮಲ್ಲಿಕ್ ಬಿ-ಕಾಂಪ್ಲೆಕ್ಸ್ ಎಂದ.

ಊಟಕ್ಕೆ ಚಿತ್ರಾನ್ನ ತರಿಸಿದ್ದರು. ಗಾಜಿನ ಕೋಣೆಯಲ್ಲಿ ಅದನ್ನು ಪಕ್ಕಕ್ಕೆ ಸರಿಸಿ ಮಲ್ಲಿಕ್ ತನ್ನ ನಿರಾಕರಣೆಯನ್ನು ಬರೆಯತೊಡಗಿದ. ಬಾಯಲ್ಲಿ ಇಲ್ಲವೆಂದರೆ ಸಾಲದು, ಆ ಕಂಪನಿಯವರಿಗೆ ಕಾರಣ ತಿಳಿಯಬೇಕು. ಯಾವ ಉಪಕರಣವೂ ನಿರಪರಾಧಿಯೆಂದು ಮುಂಚಿತವಾಗಿ ಸಾರಲು ಬರುವುದಿಲ್ಲ ಎಂದು ಬರೆದ. ಸಾರಲು ಎನ್ನುವುದನ್ನು ಹೊಡೆದು ಪ್ರಮಾಣೀಕರಿಸಲು ಎಂದು ಮಾಡಿದ. ತಡೆ ಎನ್ನುವುದು ಒಂದು ಸಹಿಯಲ್ಲ, ನಿರಂತರ ಗಮನ ಎಂದು ಬರೆದು, ಅದು ಚೆನ್ನಾಗಿ ಬಂದಿದೆಯೆಂದು ಎರಡು ಸಲ ಓದಿಕೊಂಡ. ಹೊರಗೆ ಯಂತ್ರಗಳು ಮತ್ತೆ ಶುರುವಾಗಿದ್ದವು. ರುದ್ರೇಶ್ ಗಾಜಿನಾಚೆ ರಟ್ಟಿನ ತುಂಡೊಂದನ್ನು ಕೈಯಲ್ಲಿ ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದ. ಕಾರ್ಖಾನೆ ಮುಚ್ಚಿದರೆ ಈ ಜನ ಏನಾಗುತ್ತಾರೆ ಎಂಬುದು ಮಲ್ಲಿಕ್‌ನ ಹೊಟ್ಟೆಯಲ್ಲಿ ಕಲ್ಲಿನಂತೆ ಕೂತಿತ್ತು. ಆದರೂ ಪೆನ್ನು ನಿಲ್ಲಲಿಲ್ಲ. ತಾನು ಬಗ್ಗಲಿಲ್ಲವಲ್ಲ ಎಂಬ ಹೆಮ್ಮೆ ಆ ಕಲ್ಲಿನ ಮೇಲೆಯೇ ಕಾಲಿಟ್ಟು ನಿಂತಿತ್ತು. ಕೊನೆಯ ವಾಕ್ಯ ಮುಗಿಸಿ, ದಿನಾಂಕ ಹಾಕಿ, ನಿರಾಕರಣೆಯ ಕೆಳಗೆ ಸಹಿ ಮಾಡಿ, ಆರಿದ ಚಿತ್ರಾನ್ನವನ್ನು ಹಸಿವಿನಿಂದ ತಿಂದ.

ರುದ್ರೇಶ್ ಒಳಗೆ ಬಂದಾಗ ಅವನ ಮುಖ ಕೆಂಪಾಗಿತ್ತು. ಮಲ್ಲಿಕ್ ಹಾಳೆಯನ್ನು ಮುಂದಕ್ಕೆ ಚಾಚಿದ. ರುದ್ರೇಶ್ ಅದನ್ನು ತೆಗೆದುಕೊಂಡು, ಓದದೆ, ನೀರಿನ ಲೋಟ ಅದರ ಮೇಲಿಟ್ಟ.

"ಇದು ಬೇಡ್ವಂತೆ ಭಾವ. ಟ್ರೇನಿಂಗ್ ಕೊಟ್ಟಿದೀರಲ್ಲ, ಆ ಫೋಟೋನೇ ಸಾಕಂತೆ."

"ಸರ್ಟಿಫಿಕೇಟು?"

"ಬೇಡ್ವಂತೆ. ಫೋಟೋ ಜೊತೆ ಹೊಸ ಸ್ಯಾಂಪಲ್ದೂ ಕಳಿಸ್ದೆ. ನಮ್ಮ ತಜ್ಞರ ಸಲಹೆ ಪ್ರಕಾರ ಹಿಡಿ ಗಟ್ಟಿ ಮಾಡಿದೀವಿ ಅಂತ ಹಾಕಿದ್ದೆ. ಆಗ್ಲೇ ಓಕೆ ಅಂದ್ರು. ಅವರಿಗೂ ಹಳೇ ಸಪ್ಲೈಯರ್ ಜೊತೆ ಇದೇ ತಲೆನೋವಂತೆ, ಹಿಡಿ ಬಿ‌ಟ್ಕೊಳ್ಳೋದು." ರುದ್ರೇಶ್ ಅವನ ಎರಡೂ ಕೈಗಳನ್ನು ಹಿಡಿದುಕೊಂಡ. ರುದ್ರೇಶನ ಕಣ್ಣು ತುಂಬಿಬಂದಿತ್ತು. "ಮೂರನೇ ರಿವೆಟ್, ಭಾವ. ಇಷ್ಟು ವರ್ಷದಲ್ಲಿ ನಂಗೆ ಹೊಳೀಲೇ ಇಲ್ಲ."

ಮಲ್ಲಿಕ್ ಎದ್ದ. ಅವನ ಕಣ್ಣ ಮುಂದೆ ಜೊಂಡಿನ ನಡುವೆ ಕುತ್ತಿಗೆಯವರೆಗಿನ ನೀರಿನಲ್ಲಿ ಆ ಹೆಂಗಸು ನಿಂತಿದ್ದಳು, ಅವಳು ಅವನಿಗೊಬ್ಬನಿಗೇ ಹೇಳಿದ್ದನ್ನು ಅವನು ಇಲ್ಲಿ ಹೇಳಿ, ರಟ್ಟಿನ ಮೇಲೆ ಚಿತ್ರ ಬರೆದು ಕೊಟ್ಟಿದ್ದ. ಎಲ್ಲಿಯೂ ಯಾರೂ ಯಾರನ್ನೂ ಕೊಲ್ಲದೇ ಇರಬಹುದು. ಬಾಳೆಗೊನೆಗಳೇ ಇರಬಹುದು. ಹಾಗೆಂದು ತನಗೇ ಹೇಳಿಕೊಳ್ಳುತ್ತ ಅವನು ಹೊರಗೆ ನಡೆದ, ನಡಿಗೆ ಓಟವಾಗಿತ್ತು. ಹಿಡಿ ಕೂರಿಸುವ ಮೇಜಿನ ಮೇಲೆ ಹೊಸ ಮಚ್ಚು ಇತ್ತು. ಮೂರು ಹಿತ್ತಾಳೆಯ ಚುಕ್ಕೆಗಳು ಒಂದೇ ಸಾಲಿನಲ್ಲಿ, ಅಳತೆ ತಪ್ಪದೆ ಕೂತಿದ್ದವು. ಅವನು ಅದನ್ನು ಎತ್ತಿಕೊಂಡು ಹಿಡಿಯನ್ನು ತಿರುಚಿದ. ಮೇಜಿನ ಅಂಚಿಗೆ ಬಡಿದ. ಮತ್ತೆ ಬಡಿದ. ಕೆಲಸದವರು ಒಬ್ಬೊಬ್ಬರಾಗಿ ಯಂತ್ರ ನಿಲ್ಲಿಸಿ ಸುತ್ತ ಬಂದು ನಿಂತರು. ಡಾಕ್ಟರು ಪರೀಕ್ಷೆ ಮಾಡುತ್ತಿದ್ದಾರೆಂದು ಯಾರೋ ಹೇಳಿದರು. ಸೊಣ್ಣಪ್ಪ ಮುಂದೆ ಬಂದು, "ಅಂಗಲ್ಲ ಸಾರ್, ಇಂಗೆ," ಎಂದು ಮಚ್ಚನ್ನು ಅವನ ಕೈಯಿಂದ ತೆಗೆದುಕೊಂಡು, ಅಲಗನ್ನು ಮೇಜಿಗೆ ಜೋಡಿಸಿದ್ದ ಕಬ್ಬಿಣದ ಇಕ್ಕಳದಲ್ಲಿ ಕಚ್ಚಿಸಿ ಬಿಗಿಮಾಡಿ, ಹಿಡಿಯನ್ನು ಅವನ ಕಡೆಗೆ ಬಿಟ್ಟುಕೊಟ್ಟ. ಮಲ್ಲಿಕ್ ಎರಡೂ ಕೈಯಿಂದ ಹಿಡಿದ. ಒಂದು ಕಾಲನ್ನು ಮೇಜಿಗೆ ಒತ್ತಿಟ್ಟು, ಕಣ್ಣು ಮುಚ್ಚಿ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದ. ಕನ್ನಡಕ ಜಾರಿ ಕೆಳಗೆ ಬಿತ್ತು. ಅವನು ಬಿಡಲಿಲ್ಲ. ದಯವಿಟ್ಟು ಬಾ ಎಂದು ಅವನ ತುಟಿ ಅಲ್ಲಾಡುತ್ತಿದ್ದದ್ದನ್ನು ಹತ್ತಿರ ನಿಂತವರು ನೋಡಿದರು.

"ಅದು ಬರಲ್ಲ ಸಾರ್," ಎಂದಳು ಮರಿಯಮ್ಮ. ಅವಳು ನಗುತ್ತಿದ್ದಳು. "ನಾನೇ ಹಾಕಿರೋದು."